ತುತ್ತು, ತುತ್ತೂರಿ

ನನ್ನ ದನಿ ವಾರದ ಏಳೂ ದಿನ ಕೆಲಸಕ್ಕೆ ಹೋಗುತ್ತದೆ, ನಾನು ಎರಡೇ ದಿನ ಹೋಗುತ್ತೇನೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಒಂಬತ್ತು ವರ್ಷ ಕೂತು, ಯಾವ ಬಸ್ಸು ಎಷ್ಟನೆಯ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಕೂಗುತ್ತಿದ್ದವನು ನಾನು. ಹೋದ ವರ್ಷ ಮೇಲಿನವರು ನನ್ನನ್ನು ಮೂರು ದಿನ ಒಂದು ಕೋಣೆಯಲ್ಲಿ ಕೂಡಿಹಾಕಿ ಊರುಗಳ ಹೆಸರು, ಅಂಕೆಗಳು, "ದಯವಿಟ್ಟು ಗಮನಿಸಿ", "ತಡವಾಗಿ ಹೊರಡಲಿದೆ" ಎಲ್ಲವನ್ನೂ ಹೇಳಿಸಿ ಧ್ವನಿಮುದ್ರಿಸಿಕೊಂಡರು. ಈಗ ಕಂಪ್ಯೂಟರು ಅವನ್ನು ಬೇಕಾದ ಹಾಗೆ ಪೋಣಿಸಿ, ನನ್ನ ಬದಲಿಗೆ ನನ್ನನ್ನೇ ಕೂಗಿಸುತ್ತದೆ. ಯಾರದೋ ಚೀಲ ಕಳೆದುಹೋದಾಗ, ಯಾವುದೋ ಬಸ್ಸಿನ ಚಾಲಕ ಊಟಕ್ಕೆ ಹೋದವನು ಬಾರದಿದ್ದಾಗ, ಅದಕ್ಕೆ ಗೊತ್ತಿಲ್ಲದ ಸುದ್ದಿ ಹೇಳಲು ಮಾತ್ರ ನಾನು ಬೇಕು. ಸಹೋದ್ಯೋಗಿಗಳು ನನ್ನನ್ನು ರೇಡಿಯೋ ಎನ್ನುತ್ತಾರೆ. ಕಿವಿ ಹಿಂಡಿದರೆ ಸ್ಟೇಷನ್ ಬದಲಾಗುತ್ತದಂತೆ.

ಹಾಗಾಗಿ ಮಗು ಹುಟ್ಟುವ ಎರಡು ತಿಂಗಳು ಮೊದಲೇ ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ನನ್ನ ಹೆಂಡತಿ ನಗರಕ್ಕೆ ಬರುವ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಮಗುವಿಗೆ ಆರು ತಿಂಗಳು ತುಂಬಿದ ಕೂಡಲೇ ಅವಳು ಕೆಲಸಕ್ಕೆ, ನಾನು ಮನೆಗೆ. ನಾನು ಗೂಡಿಗೆ ಹೋಗುವ ಎರಡು ದಿನ ಅವಳಿಗೆ ಹೇಗೂ ರಜೆ. ಆರನೆಯ ತಿಂಗಳೆಂದರೆ ಹಾಲಿನ ಜೊತೆಗೆ ಊಟ ಶುರುವಾಗುವ ತಿಂಗಳು. ಅಂದರೆ ನಮ್ಮ ಮಗುವಿನ ಮೊದಲ ತುತ್ತಿನ ಉಸ್ತುವಾರಿ ನನ್ನದು.

"ನಿನ್ನ ಕೈಲಾಗುತ್ತಾ?" ಎಂದು ಅವಳು ಒಂದೇ ಸಲ ಕೇಳಿದ್ದಳು.

"ಒಂಬತ್ತು ವರ್ಷ ಸಾವಿರಾರು ಜನರನ್ನ ಸರಿಯಾದ ಬಾಗಿಲಿಗೆ ಕಳಿಸಿದೀನಿ. ಒಂದು ಚಮಚ ಕಳಿಸೋಕಾಗಲ್ವಾ?" ಎಂದಿದ್ದೆ.

ಮಾರನೆಯ ದಿನವೇ ದೊಡ್ಡ ಅಂಗಡಿಯ ಮಕ್ಕಳ ವಿಭಾಗಕ್ಕೆ ಹೋದೆ. ಅಲ್ಲಿ ಎದೆಮಟ್ಟದಿಂದ ಸೂರಿನವರೆಗೆ ಪುಟ್ಟ ಪುಟ್ಟ ಸೀಸೆಗಳು. ಕ್ಯಾರೆಟ್, ಸೇಬು, ಬಟಾಣಿ, ಕುಂಬಳಕಾಯಿ, ಅಕ್ಕಿಯ ಹಿಟ್ಟು, ಓಟ್ಸ್, ಮೊಟ್ಟೆಯ ಹಳದಿ. ಎಲ್ಲದರ ಮೇಲೂ ಒಂದೇ ಮಗು ನಗುತ್ತಿತ್ತು. ಅಷ್ಟನ್ನೂ ತಿಂದು ಅಷ್ಟೇ ದಪ್ಪವಿತ್ತು. ಹನ್ನೊಂದು ಸೀಸೆ ತಂದೆ. ತಂದೆಯಾಗುವವನು ತಂದೆ ಎನ್ನದೆ ಇನ್ನೇನು ಅಂದಾನು.

"ಮಗುಗೆ ಎಷ್ಟು ತಿಂಗಳು ಸಾರ್?" ಎಂದಳು ಕೌಂಟರಿನ ಹುಡುಗಿ.

"ಮೈನಸ್ ಎರಡು."

ಮನೆಯಲ್ಲಿ ಊಟದ ಮೇಜಿನ ಮೇಲೆ ಸೀಸೆಗಳನ್ನು ಸಾಲಾಗಿಟ್ಟು ಒಂದೊಂದೇ ಚಮಚ ರುಚಿ ನೋಡಿದೆ. ಉಪ್ಪಿಲ್ಲ, ಹುಳಿಯಿಲ್ಲ, ಸಿಹಿಯೂ ನಾಚಿಕೊಂಡು ಹಿಂದೆ ನಿಂತಿತ್ತು. ಕ್ಯಾರೆಟ್ ನನ್ನ ನಾಲಿಗೆಯನ್ನು ಕ್ಯಾರೇ ಅನ್ನಲಿಲ್ಲ. ಬಟಾಣಿ ಒದ್ದೆ ಗೋಡೆಯ ಹಾಗಿತ್ತು. ನಾನು ಪ್ರತಿ ಸೀಸೆಗೂ ಒಂದು ದನಿ ಕೊಟ್ಟೆ. ಬಟಾಣಿಗೆ ನಮ್ಮ ಮನೆ ಮಾಲೀಕರ ಮೂಗಿನ ದನಿ: "ಗೋಡೆಗೆ ಮೊಳೆ ಹೊಡೀಬೇಡಿ, ಮೊದಲೇ ಹೇಳಿದೀನಿ." ಓಟ್ಸ್‌ಗೆ ನನ್ನ ಮಾವನ ದನಿ, ಪ್ರತಿ ಮಾತಿಗೂ ಮೊದಲು ಗಂಟಲು ಸರಿಮಾಡಿಕೊಳ್ಳುವ ಆ ಗರಗರ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಾಕು ನಿಲ್ಸೋ. ಒಳಗೆ ಒದೀತಿದೆ."

"ಒದ್ದಿದ್ದಲ್ಲ, ಚಪ್ಪಾಳೆ."

ಆಸ್ಪತ್ರೆಯಲ್ಲಿ ಬುಧವಾರದ ಸಂಜೆಗಳಲ್ಲಿ "ಮೊದಲ ಊಟ" ಎಂಬ ತರಗತಿ ನಡೆಯುತ್ತದೆಂದು ತಿಳಿದುಕೊಂಡು ಬಂದವನೂ ನಾನೇ. ಒಟ್ಟು ನಾಲ್ಕು ತರಗತಿ. ಹೆರಿಗೆ ವಿಭಾಗದ ಕೆಳಗಿನ ಮಹಡಿಯಲ್ಲಿ ಉದ್ದನೆಯ ಕೋಣೆ. ಒಂದು ಮೂಲೆಯಲ್ಲಿ ಕೈತೊಳೆಯುವ ತೊಟ್ಟಿ, ಗೋಡೆಯ ಮೇಲೆ ಗಂಟಲನ್ನು ಉದ್ದಕ್ಕೆ ಸೀಳಿ ತೋರಿಸುವ ಬಣ್ಣದ ಚಿತ್ರ. ಆರು ಜೋಡಿಗಳಿದ್ದೆವು. ಕಲಿಸುತ್ತಿದ್ದವರು ಹಿರಿಯ ನರ್ಸ್. ಎಲ್ಲರೂ ಅವರನ್ನು ಸಿಸ್ಟರ್ ಅನ್ನುತ್ತಿದ್ದರು. ಪ್ರತಿ ವಾಕ್ಯದ ಕೊನೆಗೆ ಕನ್ನಡಕ ಮೇಲೇರಿಸಿ "ಬರ್ಕೊಂಡ್ರಾ?" ಎನ್ನುವುದು ಅವರ ಅಭ್ಯಾಸ. ಮೊದಲ ತರಗತಿಯ ಚಹಾ ವಿರಾಮದಲ್ಲೇ ನಾನು ಅದನ್ನು ಕದ್ದಿದ್ದೆ. ಬಿಸ್ಕತ್ತು ತಿನ್ನುತ್ತಿದ್ದವರ ಬಳಿ ಹೋಗಿ ಇಲ್ಲದ ಕನ್ನಡಕ ಏರಿಸಿ "ನುಂಗಿದ್ರಾ? ಬರ್ಕೊಂಡ್ರಾ?" ಎಂದೆ. ಐದು ಗಂಡಂದಿರೂ ಅವತ್ತೇ ನನ್ನ ಸ್ನೇಹಿತರಾದರು, ರೇಡಿಯೋ ಎಂಬ ಹೆಸರು ಅಲ್ಲಿಗೂ ಬಂತು. ಕಲಿಯಲು ಬಂದದ್ದು ತುತ್ತು ಕೊಡುವುದನ್ನು, ನಾನು ಊದುತ್ತಿದ್ದದ್ದು ತುತ್ತೂರಿ. ಅದು ನನಗೆ ಆಗ ಹೊಳೆದಿರಲಿಲ್ಲ.

ಆ ಐವರಲ್ಲಿ ಒಬ್ಬ ಬಡಗಿ. ಬಾಗಿಲ ತುಂಬ ಬರುವ ಆಳು, ಮಾತು ಮಾತ್ರ ಎರಡು ಬೆರಳಿನಷ್ಟು. ಉಗುರಿನ ಸಂದಿಯಲ್ಲಿ ಅಂಟಿನ ಕಲೆ. ಅವನ ಹೆಂಡತಿ ನೋಟುಪುಸ್ತಕದಲ್ಲಿ ಎಲ್ಲವನ್ನೂ ಎರಡು ಬಣ್ಣಗಳಲ್ಲಿ ಬರೆದುಕೊಳ್ಳುತ್ತಿದ್ದಳು. ನಾನು ಏನು ಹೇಳಿದರೂ ಬಡಗಿ ನಗುತ್ತಿದ್ದ. ಭುಜಗಳು ಕುಲುಕುತ್ತಿದ್ದವು, ಸದ್ದು ಬರುತ್ತಿರಲಿಲ್ಲ. ನನ್ನಂಥವನಿಗೆ ಅಂಥ ಒಬ್ಬ ಸಾಕು, ಉಳಿದ ಜಗತ್ತು ಬೇಡ.

ಎರಡನೆಯ ಬುಧವಾರ ಸಿಸ್ಟರ್ ಗಂಟಲಿನ ಚಿತ್ರದ ಮುಂದೆ ನಿಂತರು. ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಕೊಡಬಹುದಾದದ್ದು: ಬೇಯಿಸಿ ಹಿಸುಕಿದ ಆಲೂಗಡ್ಡೆ, ಬಾಳೆಹಣ್ಣು. ಇನ್ನೊಂದರಲ್ಲಿ ಕೊಡಬಾರದ್ದು: ಹಸಿ ಕ್ಯಾರೆಟ್ ತುಂಡು, ಕಡಲೆಬೀಜ, ಇಡೀ ದ್ರಾಕ್ಷಿ.

"ಕೆಮ್ಮೋ ಮಗು ಬಗ್ಗೆ ಅಷ್ಟು ಹೆದರಬೇಡಿ," ಎಂದರು. "ಕೆಮ್ಮಿದ್ರೆ ಉಸಿರಾಡ್ತಿದೆ ಅಂತ. ಸದ್ದೇ ಇಲ್ದೆ ಬಾಯಿ ಬಿಡೋ ಮಗುಗೆ ಹೆದರಿ. ಸಿಕ್ಕಿಕೊಂಡ ಗಂಟಲು ಕೂಗಲ್ಲ. ಬರ್ಕೊಂಡ್ರಾ?"

ನಾನು ನೋಟುಪುಸ್ತಕ ತಂದಿರಲಿಲ್ಲ.

ಆಮೇಲೆ ಅಭ್ಯಾಸ. ಉಣ್ಣಿಸಿಕೊಳ್ಳುವುದು ಹೇಗಿರುತ್ತದೆಂದು ಉಣ್ಣಿಸುವವರಿಗೆ ಗೊತ್ತಿರಬೇಕು ಎನ್ನುವುದು ಸಿಸ್ಟರ್ ಲೆಕ್ಕ. ಗಂಡಸರಲ್ಲಿ ಇಬ್ಬಿಬ್ಬರು ಜೋಡಿ. ಒಬ್ಬ ಮಗು, ಒಬ್ಬ ಅಪ್ಪ. ಮಗುವಾದವನು ಗಿಡ್ಡ ಕುರ್ಚಿಯಲ್ಲಿ ಕೂರಬೇಕು; ಕೈಗಳನ್ನು ಬಳಸದಂತೆ ಕತ್ತಿನಿಂದ ಮೊಣಕಾಲವರೆಗೆ ಬಟ್ಟೆ ಸುತ್ತಬೇಕು. ಬಡಗಿ ತಾನಾಗಿಯೇ ಬಂದು ನನ್ನೆದುರು ಕೂತ. ನಾನು ಬಟ್ಟೆಯನ್ನು ಎರಡು ಸುತ್ತು ಸುತ್ತಿ ಬೆನ್ನಿಗೆ ಗಂಟು ಹಾಕಿದೆ. "ಮಗು ಜೋರಾಗಿದೆ, ಬಿಚ್ಕೊಂಡು ಓಡಿಬಿಟ್ರೆ ಕಷ್ಟ" ಎಂದು ಇನ್ನೊಂದು ಗಂಟು ಹಾಕಿದೆ. ಎಲ್ಲರೂ ನಕ್ಕರು. ಉಳಿದ ಜೋಡಿಗಳು ಚಮಚ ಕೆಳಗಿಟ್ಟು ನಮ್ಮ ಮುಂದೆ ಅರ್ಧಚಂದ್ರವಾಗಿ ನಿಂತವು. ನನ್ನ ಹೆಂಡತಿಗೆ ಬೆನ್ನು ನೋವು. ಅವಳು ಹಿಂದಿನ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ, ಬಡಗಿಯ ಬೆನ್ನ ಕಡೆ ಕೂತಿದ್ದಳು. ಸಿಸ್ಟರ್ ಬಟ್ಟಲು ತೊಳೆಯಲು ತೊಟ್ಟಿಯ ಕಡೆ ತಿರುಗಿದರು.

ಮೊದಲ ಚಮಚ ವಿಮಾನವಾಗಿ ಬಂತು. ಎರಡನೆಯದು ಬಸ್ಸಾಗಿ ಬಂತು, ಗೇರು ಬದಲಿಸಿ, ಹಿಮ್ಮುಖ ಚಲಿಸುವಾಗಿನ ಕುಂಯ್ ಕುಂಯ್ ಸಮೇತ. ಮೂರನೆಯದನ್ನು ಮಾವನ ದನಿ ತಂದುಕೊಟ್ಟಿತು. ಬಡಗಿಯ ಭುಜ ಬಟ್ಟೆಯೊಳಗೆ ಕುಲುಕತೊಡಗಿತು. ಆಲೂಗಡ್ಡೆ ತುಟಿಯ ಅಂಚಿನಲ್ಲಿ ಮೀಸೆಯಾಗಿತ್ತು.

"ಸಪ್ಪೆ," ಎಂದ ಅವನು. "ಬೇರೇನಿಲ್ವಾ ಅಪ್ಪಾ?"

ಕೋಣೆ ಬಿದ್ದುಬಿದ್ದು ನಕ್ಕಿತು. ಅವನು ಮೊದಲ ಸಲ ನನಗೆ ಜೊತೆ ಕೊಟ್ಟಿದ್ದ, ಅದಕ್ಕೆ ಏನಾದರೂ ಬಹುಮಾನ ಕೊಡಲೇಬೇಕಿತ್ತು. ಎರಡನೆಯ ತಟ್ಟೆಗೆ ಕೈ ಹಾಕಿ, ತೊಟ್ಟಿಯ ಕಡೆ ಕಳ್ಳನೋಟ ಬೀರಿ, ಒಂದು ದಪ್ಪ ದ್ರಾಕ್ಷಿ ಎತ್ತಿ ಚಮಚದಲ್ಲಿಟ್ಟೆ. ಅವನು ತಲೆ ಹಿಂದಕ್ಕೆಸೆದು ಬಾಯಿ ತೆರೆದ. ನಾನು ದ್ರಾಕ್ಷಿಯನ್ನು ಮೇಲಿನಿಂದ ಬಿಟ್ಟೆ. ಅವನು ನಗುತ್ತಲೇ ಇದ್ದ.

ಬಾಯಿ ಮುಚ್ಚಿತು, ತೆರೆಯಿತು. ಮತ್ತೆ ಮುಚ್ಚಿ ಮತ್ತೆ ತೆರೆಯಿತು. ಸದ್ದಿಲ್ಲ.

ನನ್ನೆದುರು ಸದ್ದಿಲ್ಲದೆ ಬಾಯೊಂದು ತೆರೆದು ಮುಚ್ಚಿದರೆ ನಾನು ಏನು ಮಾಡುತ್ತೇನೆಂದು ನನ್ನನ್ನು ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ದನಿ ಕೊಟ್ಟೆ. ಅವನ ತುಟಿಗೆ ಸರಿಯಾಗಿ, ತೆರೆದಾಗ "ಹ್ಹಕ್", ಮುಚ್ಚಿದಾಗ "ಗ್ಳಕ್". ಹೊಂದಿಕೆ ಎಷ್ಟು ಚೆನ್ನಾಗಿತ್ತೆಂದರೆ ಬಡಗಿಯ ಹೆಂಡತಿಯೇ ನೋಟುಪುಸ್ತಕವನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬಟ್ಟೆಯೊಳಗೆ ಕೈಗಳು ಒದ್ದಾಡಿದವು, ಅದಕ್ಕೂ ನಕ್ಕರು. ಆಮೇಲೆ ನಾನು ನನ್ನ ನಿಲ್ದಾಣದ ದನಿ ತೆಗೆದೆ: "ದಯವಿಟ್ಟು ಗಮನಿಸಿ. ಗಂಟಲಿನಿಂದ ಹೊಟ್ಟೆಗೆ ಹೋಗುವ ದ್ರಾಕ್ಷಿ ತಡವಾಗಿ ಹೊರಡಲಿದೆ."

ನಗೆಯ ನಡುವೆ ನನ್ನ ಹೆಂಡತಿ ಎದ್ದು ಬಂದಳು. ತುಂಬು ಹೊಟ್ಟೆಯ ಅವಳು ಓಡಲಿಲ್ಲ. ಬಡಗಿಯನ್ನು ಕುರ್ಚಿಯಿಂದ ಮುಂದಕ್ಕೆ ಬಗ್ಗಿಸಿ ಅಂಗೈಯ ಬುಡದಿಂದ ಭುಜಗಳ ನಡುವೆ ಗುದ್ದಿದಳು. ಮೊದಲ ಗುದ್ದಿಗೂ ನಗು ನಿಲ್ಲಲಿಲ್ಲ. ಅವಳೂ ಆಟಕ್ಕೆ ಸೇರಿದಳೆಂದುಕೊಂಡರು. ಎರಡನೆಯದಕ್ಕೆ ನಿಂತಿತು. ಸಿಸ್ಟರ್ ಒದ್ದೆ ಕೈಯಲ್ಲೇ ಓಡಿ ಬಂದರು. ನಾಲ್ಕನೆಯದಕ್ಕೆ ದ್ರಾಕ್ಷಿ ನೆಲಕ್ಕೆ ಬಿತ್ತು, ಇಡಿಯಾಗಿ, ಹಲ್ಲು ತಾಗಿರದೆ.

ಬಡಗಿಯ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಎಳೆದುಕೊಂಡ ಮೊದಲ ಉಸಿರಿನ ಸದ್ದನ್ನು ನಾನು ಯಾವತ್ತೂ ಯಾರಿಗೂ ಮಾಡಿ ತೋರಿಸುವುದಿಲ್ಲ. ಗಂಟು ಬಿಚ್ಚಲು ಹೋದೆ, ಬರಲಿಲ್ಲ. ನಾನು ಹಾಕಿದ ಎರಡನೆಯ ಗಂಟು. ಸಿಸ್ಟರ್ ಕತ್ತರಿ ತಂದು ಬಟ್ಟೆ ಕತ್ತರಿಸಿದರು. ಕಣ್ಣಲ್ಲಿ ನೀರಿಳಿಯುತ್ತಿದ್ದ ಆ ದೊಡ್ಡ ಆಳು ಸುತ್ತ ನಿಂತವರಿಗೆಲ್ಲ ಕೈಯೆತ್ತಿ, "ಏನಿಲ್ಲ, ಏನಿಲ್ಲ, ಆಟ ಹಾಳ್ಮಾಡ್ದೆ" ಎಂದ.

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಎರಡನೆಯ ತಟ್ಟೆಯನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮನೆಗೆ ಬರುವ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾಯುವಾಗ ನನ್ನ ದನಿ ತಲೆಯ ಮೇಲಿನಿಂದ ಕೂಗಿತು, ದಯವಿಟ್ಟು ಗಮನಿಸಿ ಎಂದು. ಹೆಂಡತಿ ತಲೆ ಎತ್ತಲಿಲ್ಲ. ಅವಳ ಬಲ ಅಂಗೈ ಕೆಂಪಾಗಿತ್ತು. ಮನೆಯವರೆಗೂ ಅವಳು ಆಡಿದ್ದು ಒಂದೇ ಮಾತು: "ಕಿಟಕಿ ಸ್ವಲ್ಪ ಮುಚ್ಚು."

ಮಾರನೆಯ ದಿನ ಬೆಳಿಗ್ಗೆ ಫೋನುಗಳು ಬಂದವು. ಉಳಿದ ಗಂಡಂದಿರು ಒಬ್ಬೊಬ್ಬರಾಗಿ ಸಮಾಧಾನ ಹೇಳಿದರು. "ನಿಮ್ಗೇನು ಗೊತ್ತು ಪಾಪ, ನಾವೂ ನಕ್ವಲ್ಲ." "ದ್ರಾಕ್ಷಿ ಕೊಟ್ಟಿದ್ದು ತಪ್ಪೇ, ಆದ್ರೆ ಬೇಕಂತ ಮಾಡಿದ್ದಲ್ಲವಲ್ಲ." ನಾನು ಹೂಂ ಹೂಂ ಎಂದೆ. ದ್ರಾಕ್ಷಿಯ ಬಗ್ಗೆ ಎಷ್ಟು ಬೇಕಾದರೂ ತಪ್ಪೊಪ್ಪಿಕೊಳ್ಳಬಲ್ಲವನಾಗಿದ್ದೆ. ಅದು ಎಲ್ಲರೂ ನೋಡಿದ ತಪ್ಪು, ಕ್ಷಮಿಸಲು ತಕ್ಕ ಅಳತೆಯದು. ಯಾರೂ ನೋಡದ ಇನ್ನೊಂದು ತಪ್ಪು ಅದರ ಹಿಂದೆ ಇತ್ತು. ಅದನ್ನು ನಾನು ನನ್ನೊಳಗೇ ಪದೇ ಪದೇ ಓಡಿಸಿ, ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದೆ.

ಮಧ್ಯಾಹ್ನ ಬಡಗಿಯ ಕಾರ್ಖಾನೆಗೆ ಹೋದೆ. ತಗಡಿನ ಮಾಡು, ನೆಲದ ತುಂಬ ಮರದ ಸುರುಳಿ. ಅವನು ಒಂದು ಹಲಗೆಯನ್ನು ಉಜ್ಜುಕಾಗದದಿಂದ ನಯಮಾಡುತ್ತಿದ್ದ. ಪಕ್ಕದಲ್ಲಿ ಕಾಲು ಜೋಡಿಸದ ಪುಟ್ಟ ಕುರ್ಚಿ, ಮಗು ಕೂತು ಉಣ್ಣಲು. ನನ್ನನ್ನು ಕಂಡೊಡನೆ ಎದ್ದು ಸ್ಟೂಲಿನ ಮೇಲಿನ ಹೊಟ್ಟು ಒರೆಸಿದ. ದನಿ ಇನ್ನೂ ಒಡಕಾಗಿತ್ತು.

"ಕೂತ್ಕೊಳ್ಳಿ ರೇಡಿಯೋ ಸಾರ್."

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಕ್ಷಮೆಯ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಉಜ್ಜುಕಾಗದವನ್ನು ಮಡಚುತ್ತ ಕೇಳಿಸಿಕೊಂಡ.

"ಬಿಡಿ. ಬಾಯಿ ಬಿಟ್ಟವನು ನಾನೇ ಅಲ್ವಾ. ನಿಮಗೆ ಗೊತ್ತಾಗಲಿಲ್ಲ."

ನಿಜ ಹೇಳಲು ಅಲ್ಲಿ ಒಂದು ಕ್ಷಣವಿತ್ತು. "ಹೌದು," ಎಂದೆ. "ಗೊತ್ತಾಗಲಿಲ್ಲ."

"ಒಂದು ಕೇಳ್ಲಾ?" ಅವನು ನಾಚಿಕೊಂಡ. "ಆ ಸದ್ದು ಮಾಡಿದ್ರಲ್ಲ. ಹ್ಹಕ್ ಅಂತ. ಅದು ನನ್ನ ಗಂಟಲಿಂದಾನೇ ಬಂತು ಅನ್ಕೊಂಡೆ ನಾನು. ಅಬ್ಬಾ, ಕೆಮ್ಮು ಬಂತು, ಬದುಕ್ಕೊಂಡೆ ಅನ್ಕೊಂಡೆ. ಆಮೇಲೆ ನೋಡ್ತೀನಿ, ಉಸಿರೇ ಇಲ್ಲ." ಅವನ ಭುಜ ಸ್ವಲ್ಪ ಕುಲುಕಿತು. "ಅಷ್ಟು ಚೆನ್ನಾಗಿ ಮಾಡ್ತೀರಿ ಸಾರ್ ನೀವು."

ಹೊಗಳಿಕೆಯನ್ನು ಅಷ್ಟು ಸಣ್ಣವನಾಗಿ ನಾನು ಯಾವತ್ತೂ ಪಡೆದಿರಲಿಲ್ಲ. ಅವನು ಚಹಾ ತರಿಸುತ್ತೇನೆಂದ. ಬೇಡವೆಂದೆ. ಬಾಗಿಲವರೆಗೂ ಬಂದು, ನನ್ನ ಪ್ಯಾಂಟಿಗೆ ಹತ್ತಿದ ಮರದ ಪುಡಿಯನ್ನು ತಾನೇ ಕೊಡವಿ ಕಳಿಸಿದ.

ಮನೆಗೆ ಬಂದಾಗ, ಬೆನ್ನು ನೋವೆಂದು ಆ ದಿನ ಕೆಲಸಕ್ಕೆ ಹೋಗದ ಹೆಂಡತಿ ಊಟದ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ ಅವಳ ಹೆರಿಗೆ ರಜೆಯ ಅರ್ಜಿ. ಅದನ್ನು ಸಂಜೆಯೊಳಗೆ ಕಳಿಸಬೇಕಿತ್ತು. ಕೆಲಸಕ್ಕೆ ಮರಳುವ ದಿನಾಂಕದ ಜಾಗ ಖಾಲಿ ಬಿಟ್ಟಿದ್ದಳು. ಹೋದ ವಾರವೇ ಅಲ್ಲಿ ಸೀಸದಕಡ್ಡಿಯಲ್ಲಿ ಒಂದು ದಿನಾಂಕ ಬರೆದಿದ್ದನ್ನು ನಾನು ನೋಡಿದ್ದೆ. ಈಗ ಅಲ್ಲಿ ಅಳಿಸಿದ ಗುರುತಿತ್ತು.

"ಏನಂದ್ರು?" ಎಂದಳು.

"ಬಿಡಿ ಅಂದ್ರು. ನಿಮಗೆ ಗೊತ್ತಾಗಲಿಲ್ಲ ಅಂದ್ರು."

"ನೀನೇನಂದೆ?"

"ಹೌದು ಅಂದೆ."

ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಆ ಜಾಗದಲ್ಲಿ ಏನಾದರೂ ತಮಾಷೆ ಹೇಳಿ ದಾಟಿಕೊಳ್ಳಬಹುದಿತ್ತು. ಎಂಟು ವರ್ಷದ ಸಂಸಾರದಲ್ಲಿ ನಾನು ಇಂಥ ಜಾಗಗಳನ್ನೆಲ್ಲ ಹಾಗೇ ದಾಟಿದವನು. ಎಷ್ಟೋ ಸಲ ಅವಳ ಅಪ್ಪನ ದನಿಯನ್ನೇ ಏಣಿ ಮಾಡಿಕೊಂಡು.

"ಗೊತ್ತಾಗಿತ್ತು," ಎಂದೆ.

ಅವಳು ಪೆನ್ನನ್ನು ಅರ್ಜಿಯ ಮೇಲಿಟ್ಟಳು.

"ಸದ್ದು ಮಾಡುವಾಗ ಗೊತ್ತಿರಲಿಲ್ಲ. ಅವರ ಬಾಯಿ ನೋಡ್ತಿದ್ದೆ, ತುಟಿಗೆ ಹೊಂದಿಸ್ಬೇಕಲ್ಲ. ಆಮೇಲೆ ಕಣ್ಣು ಕಾಣಿಸ್ತು. ನಗೋ ಕಣ್ಣಲ್ಲ ಅದು. ಏನೋ ಆಗ್ತಿದೆ ಅಂತ ಗೊತ್ತಾಯ್ತು. ಆದ್ರೆ ಆ ಮಾತು ಬಾಯಿಗೆ ಬಂದ್ಬಿಟ್ಟಿತ್ತು, ತಡವಾಗಿ ಹೊರಡಲಿದೆ ಅನ್ನೋದು. ಎಲ್ಲರೂ ಕಾಯ್ತಿದ್ರು. ಇದೊಂದು ಹೇಳಿ ಆಮೇಲೆ ನೋಡೋಣ ಅಂತ... ಅಷ್ಟೇ. ಇದೊಂದು ಹೇಳ್ಬಿಡೋಣ ಅಂತ."

ಹೇಳಿದ ಮೇಲೆ ಹಗುರವಾಗುತ್ತದೆನ್ನುತ್ತಾರೆ. ಆಗಲಿಲ್ಲ. ಆ ವಾಕ್ಯ ಹೇಳಲು ನನಗೆ ನಾಲ್ಕು ಸೆಕೆಂಡು ಹಿಡಿಯುತ್ತದೆ. ಉಸಿರಿನ ಲೆಕ್ಕ ನನಗೆ ಗೊತ್ತು, ಅದು ನನ್ನ ಕಸುಬು. ಒಬ್ಬ ಮನುಷ್ಯನ ನಾಲ್ಕು ಸೆಕೆಂಡನ್ನು ನಾನು ನನ್ನ ನಗುವಿಗೆ ತೆಗೆದುಕೊಂಡಿದ್ದೆ.

"ನಂಗೆ ಗೊತ್ತು," ಎಂದಳು ಹೆಂಡತಿ.

"ಏನು?"

"ನಾನು ಕೂತಿದ್ದು ಅವರ ಬೆನ್ನ ಹಿಂದೆ. ಅವರ ಮುಖ ನಂಗೆಲ್ಲಿ ಕಾಣ್ಬೇಕು? ಕಾಣ್ತಿದ್ದಿದ್ದು ನಿನ್ನ ಮುಖ." ಅವಳು ಕೆಂಪು ಇನ್ನೂ ಇಳಿಯದ ಅಂಗೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು. "ಒಂದು ಸಲ ಬಣ್ಣ ಹೋಯ್ತು ನಿನ್ನ ಮುಖದಲ್ಲಿ. ಆಮೇಲೆ ಮತ್ತೆ ನಕ್ಕೆ. ಅದಕ್ಕೇ ಎದ್ದು ಬಂದೆ ನಾನು."

ಪ್ರಯೋಗಾಲಯದಲ್ಲಿ ಅವಳ ಕೆಲಸ ಅದೇ: ನೀರಿನ ಬಣ್ಣ ಎಲ್ಲಿ, ಯಾವ ಹನಿಗೆ ತಿರುಗಿತೆಂದು ನೋಡುವುದು. ನಿನ್ನೆ ಸಂಜೆಯಿಂದ ಇಪ್ಪತ್ತು ಗಂಟೆ ಅವಳು ಅದನ್ನು ಇಟ್ಟುಕೊಂಡು ನನ್ನ ಜೊತೆ ಓಡಾಡಿದ್ದಳು, ಅನ್ನ ಬಡಿಸಿದ್ದಳು, ನಾನೇ ಹೇಳುತ್ತೇನೋ ಇಲ್ಲವೋ ಎಂದು ಕಾದಿದ್ದಳು. ಗೆಳೆಯರು ಫೋನಿನಲ್ಲಿ ಸಮಾಧಾನ ಹೇಳಿದಾಗ ನಾನು ಹೂಂಗುಟ್ಟಿದ್ದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ನೆಲದ ಹಂಚುಗಳ ಗೆರೆ ನೋಡುತ್ತ ನಿಂತೆ. ಕೂರಲು ಧೈರ್ಯವಾಗಲಿಲ್ಲ.

"ಮಗು ಮುಂದೆ ಯಾರೂ ನಗೋರು ಇರಲ್ವಲ್ಲ," ಎಂದೆ. ಇದು ಸಮರ್ಥನೆಯೆಂದು ಹೇಳುತ್ತಿರುವಾಗಲೇ ತಿಳಿಯಿತು.

"ಮಗುನೇ ನಗುತ್ತಲ್ಲ," ಎಂದಳು. ಬೈಗುಳದ ಹಾಗಿರಲಿಲ್ಲ, ವರದಿ ಓದಿದ ಹಾಗಿತ್ತು. "ನಗಿಸ್ತೀಯ. ತುತ್ತು ಬಾಯಲ್ಲಿರೋವಾಗ್ಲೇ ನಗಿಸ್ತೀಯ. ನಾನು ಎದ್ದು ಬರೋಕೆ ಅಲ್ಲಿರಲ್ಲ."



ಅವಳು ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಫೋನು ತೆಗೆದುಕೊಂಡು ತನ್ನ ಮೇಲಧಿಕಾರಿಗೆ ಕರೆ ಮಾಡಿದಳು. ನಾನು ಒಳಗೆ ಹೋಗಲು ತಿರುಗಿದೆ. ಅಲ್ಲೇ ಇರು ಎಂದು ಕೈಸನ್ನೆ ಮಾಡಿದಳು.

"ಮೇಡಂ, ಅರ್ಜಿ ವಿಷಯ. ಆರು ತಿಂಗಳು ಅಂದಿದ್ದೆ, ಜಾಸ್ತಿ ಬೇಕಾಗುತ್ತೆ... ಇಲ್ಲ ಮೇಡಂ, ಆರೋಗ್ಯ ಎಲ್ಲ ಚೆನ್ನಾಗಿದೆ. ಮಗುನೂ ಚೆನ್ನಾಗಿದೆ... ಹೌದು, ಮನೇಲಿ ಅವ್ರು ಇರ್ತಾರೆ. ಇರ್ತಾರೆ, ಆದ್ರೆ ಇನ್ನೂ ಕಲೀತಿದ್ದಾರೆ." ಆ ಕಡೆಯವರು ನಕ್ಕರೆಂದು ಕಾಣುತ್ತದೆ, ಫೋನಿನಿಂದ ಸಣ್ಣದೊಂದು ಸದ್ದು ಬಂತು. ಹೆಂಡತಿ ನಗಲಿಲ್ಲ. "ಇಲ್ಲ ಮೇಡಂ, ತಮಾಷೆಗಲ್ಲ. ಒಂದು ನಿಮಿಷ."

ಫೋನನ್ನು ಅಂಗೈಯಿಂದ ಮುಚ್ಚಿ ನನ್ನ ಕಡೆ ತಿರುಗಿದಳು.

"ಇನ್ನೆರಡು ತಿಂಗಳು ಸಾಕಾ ನಿಂಗೆ?"

ಸಾಕು ಎಂದರೆ ಮುಗಿಯುತ್ತಿತ್ತು. ಆ ಒಂದು ಪದವನ್ನು ಹತ್ತು ದನಿಗಳಲ್ಲಿ ಹೇಳಲು ನನಗೆ ಬರುತ್ತದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಫೋನಿನ ಆ ತುದಿಯಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬರು ಕಾಯುತ್ತಿದ್ದರು.

"ಮೂರು ಕೇಳು," ಎಂದೆ.